ಸಹಾಯ ಬೇಕು: ಓಎಸ್‌ಜಿಐನಲ್ಲಿ ಹೊರಗಿನ ಬಂಡಲ್‌ಗೆ ಪರ್ಮಿಷನ್ ಕೊಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ತೂಕ, ಬಿಲ್ಲಿನ ಸಾಫ್ಟ್‌ವೇರ್ ಮಾಡುತ್ತಿದ್ದೇನೆ. ಜಾವಾ 11, ಅಪಾಚೆ ಫೆಲಿಕ್ಸ್ (ಪ್ರೋಗ್ರಾಮನ್ನು ಬಂಡಲ್ ಎಂಬ ಬಿಡಿ ಭಾಗಗಳಾಗಿ ಜೋಡಿಸಿ ಓಡಿಸುವ ಓಎಸ್‌ಜಿಐ ಪದ್ಧತಿಯ ಸಾಫ್ಟ್‌ವೇರ್). ರಸೀದಿಯ ಪಿಡಿಎಫ್‌ಗೆ ಬೇರೆಯವರು ಬರೆದ ಬಂಡಲ್ ಹಾಕಿದ್ದೇನೆ. ಅದು ಒಂದೇ ಫೋಲ್ಡರ್‌ನಲ್ಲಿ ಬರೆಯಬೇಕು, ನೆಟ್‌ವರ್ಕ್ ಮುಟ್ಟಬಾರದು. ಬೆಳೆಗಾರರ ಬ್ಯಾಂಕ್ ಖಾತೆ ವಿವರ ಎಲ್ಲಾ ಅದೇ ಮಷಿನ್‌ನಲ್ಲಿದೆ, ಸುಮ್ನೆ ಆಲ್‌ಪರ್ಮಿಷನ್ (ಎಲ್ಲಾ ಹಕ್ಕು) ಕೊಟ್ಟು ಬಿಡಲು ನನಗೆ ಮನಸ್ಸಿಲ್ಲ.

ಫೆಲಿಕ್ಸ್‌ನ ಸೆಕ್ಯುರಿಟಿ ಬಂಡಲ್ ಹಾಕಿ, ಜಾವಾದಲ್ಲಿ ಹಕ್ಕು ಪರೀಕ್ಷಿಸುವ ಸೆಕ್ಯುರಿಟಿ ಮ್ಯಾನೇಜರ್ ಆನ್ ಮಾಡಿ, ಕಂಡೀಷನಲ್ ಪರ್ಮಿಷನ್ ಅಡ್ಮಿನ್‌ನಲ್ಲಿ (ಯಾವ ಬಂಡಲ್‌ಗೆ ಯಾವ ಹಕ್ಕು ಎಂಬ ಪಟ್ಟಿ ಇಡುವ ಭಾಗ) ಬಂಡಲ್ ಲೊಕೇಶನ್ ನೋಡುವ ಸಾಲು ಸೇರಿಸಿ ಆ ಫೋಲ್ಡರ್‌ಗೆ ಫೈಲ್‌ಪರ್ಮಿಷನ್ ಕೊಟ್ಟೆ. ಆದರೂ ಆಕ್ಸೆಸ್ ಕಂಟ್ರೋಲ್ ಎಕ್ಸೆಪ್ಶನ್ (ಹಕ್ಕಿಲ್ಲ ಎಂಬ ಎರರ್) ಬರುತ್ತಿದೆ! ಹಕ್ಕು ನಿರಾಕರಿಸುವ ಡಿನೈ ಸಾಲು ಯಾವುದೂ ಅದರ ಮೇಲಿಲ್ಲ. ಬಂಡಲ್ ಒಳಗೆ ಅದರ ಹಕ್ಕಿಗೆ ಮಿತಿ ಹಾಕುವ ಪರ್ಮಿಷನ್ಸ್.ಪರ್ಮ್ ಫೈಲೂ ಇಲ್ಲ, ಬಿಚ್ಚಿ ನೋಡಿದೆ.

ಸ್ಟ್ಯಾಕ್‌ನಲ್ಲಿರುವ (ಒಂದನ್ನೊಂದು ಕರೆದ ಸರಣಿಯಲ್ಲಿರುವ) ಎಲ್ಲಾ ಬಂಡಲ್‌ಗೂ ಪರ್ಮಿಷನ್ ಇರಬೇಕು ಅಲ್ವಾ? ನಡುವೆ ಇನ್ನೊಂದು ಫಾಂಟ್ ಬಂಡಲ್ ಇದೆ. ಅದಕ್ಕೂ ಬರೆಯುವ ಹಕ್ಕು ಕೊಡಬೇಕಾ, ಇಲ್ಲ ಫೈಲ್ ಬರೆಯುವ ಕೆಲಸವನ್ನು ನನ್ನದೇ ಬಂಡಲ್‌ಗೆ ತಂದು ಡೂಪ್ರಿವಿಲೇಜ್ಡ್ (ಕರೆದವರ ಹಕ್ಕು ನೋಡದೆ ನನ್ನ ಬಂಡಲ್‌ನ ಹಕ್ಕಿನಲ್ಲೇ ಓಡಿಸುವುದು) ಒಳಗೆ ಹಾಕಲಾ?

ಇನ್ನೊಂದು ಚಿಂತೆ. ಜಾವಾ 17ರಲ್ಲೇ ಸೆಕ್ಯುರಿಟಿ ಮ್ಯಾನೇಜರ್ ತೆಗೆಯುವ ಸೂಚನೆ ಬಂದಿತ್ತು, 24ರಲ್ಲಿ ಅದನ್ನು ಪೂರ್ತಿ ನಿಲ್ಲಿಸಿದ್ದಾರೆ. ಪಿಡಿಎಫ್ ಭಾಗವನ್ನು ಬೇರೆ ಲಿನಕ್ಸ್ ಯೂಸರ್ ಕೆಳಗೆ ಬೇರೆ ಪ್ರೋಸೆಸ್ ಆಗಿ ಓಡಿಸುವುದೇ ಒಳ್ಳೆಯದಾ? ಹಾಗೆ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಅಡಿಕೆ ಕೊಯ್ಲು ಶುರುವಾಗುವ ಮೊದಲು ಇದು ಸರಿಯಾಗಲೇಬೇಕು.