ಜಿಪ್ಸಿಯ ಹಿಂದಿನ ಸೀಟು ಮತ್ತು ಮೂಲಮನೆ ಗ್ರೂಪು

ಗ್ರೂಪಿನ ಹೆಸರು ‘ಮೂಲಮನೆ’. ಶಿರಸಿ ಹತ್ತಿರದ ಹಳೇ ಮನೆಯವರು, ಹೊನ್ನಾವರ, ಕಾರವಾರ, ಬೆಂಗಳೂರಲ್ಲಿ ಇರುವವರು ಎಲ್ಲ ಅದರಲ್ಲಿದ್ದಾರೆ. ಮನೆಯ ಮಾರುತಿ ಜಿಪ್ಸಿ ಎಲ್ಲರ ಪಾಲಿನದು. ಹಾಗಾಗಿ ಅದರ ಬಗ್ಗೆ ಮಾತಾಡುವ ಹಕ್ಕೂ ಎಲ್ಲರಿಗೂ ಇದೆ. ಮೊನ್ನೆ ಒಂದು ಫಾರ್ವರ್ಡ್ ಬಂತು. ಅದು ಬೇರೆ ಮನೆ ಗ್ರೂಪುಗಳಲ್ಲೂ ಓಡಾಡುತ್ತಿರಬಹುದು. ಅದನ್ನು ನಂಬಿ ಯಾರಾದರೂ ಟೈರಿನ ಗಾಳಿ ಇಳಿಸಿಕೊಂಡು ಘಟ್ಟ ಇಳಿದರೆ ಕಷ್ಟ. ಅದಕ್ಕೇ ಗ್ರೂಪಿನಲ್ಲಿ ನಡೆದದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರು ಬಿಟ್ಟು ಸಂಬಂಧ ಮಾತ್ರ ಬರೆದಿದ್ದೇನೆ. ನಾನು ಕುಮಟಾ ಕಡೆ ಗ್ಯಾರೇಜ್ ಇಟ್ಟುಕೊಂಡವನು.

ಹೊನ್ನಾವರ ಅತ್ತೆ (ಫಾರ್ವರ್ಡ್): ಜೀಪು ಇರುವ ಎಲ್ಲರೂ ಓದಲೇಬೇಕು!! ಹಿಂದಿನ ಸೀಟು ಎತ್ತಿ ಎತ್ತಿ ಹಾಕುತ್ತಿದೆಯೇ? ಶಾಕ್ ಅಬ್ಸಾರ್ಬರ್ ಸತ್ತಿದೆ ಎಂದೇ ಅರ್ಥ. ತಕ್ಷಣ ಎರಡೂ ಬದಲಿಸಿ. ಇಲ್ಲದಿದ್ದರೆ ಆರು ತಿಂಗಳಲ್ಲಿ ಬೆನ್ನುಮೂಳೆ ಸವೆಯುತ್ತದೆ. ಬದಲಿಸುವ ತನಕ ಹಿಂದಿನ ಟೈರಿನ ಗಾಳಿ ಅರ್ಧಕ್ಕೆ ಇಳಿಸಿ. ಕಮಾನ್ ಪ್ಲೇಟಿಗೆ ಸುಟ್ಟ ಆಯಿಲ್ ಬಳಿಯಿರಿ. ನಿಮ್ಮವರಿಗೆಲ್ಲ ಕಳಿಸಿ 🙏🙏

ಹೊನ್ನಾವರ ಅತ್ತೆ: ನಾನು ಅವತ್ತೇ ಹೇಳಿದ್ದೆ. ಮಾರಿಜಾತ್ರೆಗೆ ಬರುವಾಗ ದೇವಿಮನೆ ಘಟ್ಟದಲ್ಲಿ ಹಿಂದೆ ಕೂತು ಬಂದವಳು ತೇರು ನೋಡಲಿಕ್ಕೂ ಏಳಲಿಲ್ಲ.

ಬೆಂಗಳೂರು ಭಾವ: ಇದನ್ನು ಬರೆದವರು ಯಾರು? ಮೂಲ ಎಲ್ಲಿದೆ? ಆರು ತಿಂಗಳು ಅಂತ ಯಾವ ಡಾಕ್ಟರು ಹೇಳಿದ್ದು?

ಹೊನ್ನಾವರ ಅತ್ತೆ: ನನ್ನ ಬೆನ್ನೇ ಮೂಲ. ಬಂದು ನೋಡಿ.

ಮೂಲಮನೆ ಅಣ್ಣ: ಅತ್ತೆ, ಇದು ನನಗೇ ಹೇಳಿದ್ದು ಅಲ್ವಾ? ಶಾಕ್ ಹೋದ ವರ್ಷ ನಾನು ಹಾಕಿಸಿದ್ದು. ಎರಡೂ ಹೊಸತು.

ಹೊನ್ನಾವರ ಅತ್ತೆ: ನಾನು ಯಾರ ಹೆಸರೂ ಹೇಳಲಿಲ್ಲ. ಕೂಡುಖಾತೆ ದುಡ್ಡಲ್ಲಿ ಹಾಕಿಸಿದ್ದು ಅನ್ನುವುದು ಮಾತ್ರ ನೆನಪಿದೆ.

ಅತ್ತೆಯ ಮಗ: ಆ ಲೆಕ್ಕ ಇನ್ನೂ ಗ್ರೂಪಿಗೆ ಬಂದಿಲ್ಲ.

ಮೂಲಮನೆ ಅಣ್ಣ: ಬಿಲ್ಲಿನ ಫೋಟೊ ಅವತ್ತೇ ಹಾಕಿದ್ದೆ. ಮೇಲೆ ಹೋಗಿ ಹುಡುಕು.

ದೊಡ್ಡಪ್ಪ: ಬೆಳಿಗ್ಗೆ ಬೆಳಿಗ್ಗೆ ದುಡ್ಡಿನ ಮಾತು ಬೇಡ. ನಾವು ಎತ್ತಿನ ಗಾಡಿಯಲ್ಲಿ ಬನವಾಸಿಗೆ ಹೋಗಿ ಬಂದವರು. ಯಾರ ಸೊಂಟವೂ ಮುರಿಯಲಿಲ್ಲ. ಈಗಿನವರಿಗೆ ಕೂರುವುದೂ ಮೆತ್ತಗೆ, ನಡೆಯುವುದೂ ಮೆತ್ತಗೆ. ದಿನಾ ಸೂರ್ಯನಮಸ್ಕಾರ ಹಾಕಿದರೆ ಯಾವ ಶಾಕೂ ಬೇಡ.

ಅತ್ತೆಯ ಮಗ: ಇದನ್ನು ಮಾರಿ ಥಾರ್ ತಗೊಳ್ಳಿ ಅಂತ ನಾನು ಯಾವಾಗಿನಿಂದ ಹೇಳ್ತಾ ಇದ್ದೇನೆ. 2020ರಲ್ಲಿ ಬಂದ ಥಾರ್‌ಗೆ ಹಿಂದುಗಡೆ ಕಾಯಿಲ್ ಸ್ಪ್ರಿಂಗ್. ಜಿಪ್ಸಿ 1985ರ ಡಿಸೈನು, ನಾಲ್ಕೂ ಕಡೆ ಪ್ಲೇಟು.

ದೊಡ್ಡಪ್ಪ: ಅಜ್ಜ ತಂದ ಗಾಡಿ. ಮಾರುವ ಮಾತು ನಾನಿರುವ ತನಕ ಎತ್ತಬೇಡ.

ಕಾರವಾರ ಅಕ್ಕ: ಅಜ್ಜ ಅಂದ ಕೂಡಲೇ ಆಲೆಮನೆ ನೆನಪಾಯಿತು 😢 ಇದೇ ಜಿಪ್ಸಿ. ಹಿಂದೆ ನಾವು ಮಕ್ಕಳೆಲ್ಲ, ಒಬ್ಬರ ಮೇಲೊಬ್ಬರು. ಬರುವಾಗ ಮಧ್ಯದಲ್ಲಿ ಜೋನಿಬೆಲ್ಲದ ಡಬ್ಬಿ, ಎರಡು ಚೀಲ ತೆಂಗಿನಕಾಯಿ. ತೊಟ್ಟಿಲಲ್ಲಿ ಕೂತ ಹಾಗೆ ಬಂದಿದ್ದೆವು. ನಾನು ದಾರಿಯಲ್ಲೇ ನಿದ್ದೆ ಹೋಗಿದ್ದೆ.

ಇಲ್ಲಿಂದ ಮಾತು ಬೆಲ್ಲದ ಡಬ್ಬಿಯ ಕಡೆ ಹೊರಟಿತು. ಮುಚ್ಚಳ ಸರಿಯಾಗಿ ಹಾಕದೆ ಇದ್ದದ್ದು ಯಾರು, ಯಾರ ಫ್ರಾಕು ಹಾಳಾಯಿತು, ಬೈಸಿಕೊಂಡದ್ದು ಯಾರು. ಅಷ್ಟನ್ನೂ ಇಲ್ಲಿ ಬಿಟ್ಟಿದ್ದೇನೆ. ಆದರೆ ಆ ಬೆಳಿಗ್ಗೆ ಬಂದ ಮೆಸೇಜುಗಳಲ್ಲಿ ಗಾಡಿ ರಿಪೇರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಅಕ್ಕನದೇ. ಯಾರೂ ಅದನ್ನು ಗಮನಿಸಲಿಲ್ಲ.

ನಾನು: ಅಕ್ಕ ಹೇಳಿದ್ದನ್ನು ಇನ್ನೊಮ್ಮೆ ಓದಿ. ಹಿಂದೆ ಭಾರ ಇದ್ದಾಗ ಮೆತ್ತಗಿತ್ತು. ಈಗ ಅತ್ತೆ ಒಬ್ಬರೇ ಕೂತರೆ ಎತ್ತಿ ಹಾಕುತ್ತದೆ. ಅಣ್ಣಾ, ಈಗಲೂ ಐದಾರು ಜನ ಕೂತಾಗ ಹೇಗಿರುತ್ತದೆ?

ಮೂಲಮನೆ ಅಣ್ಣ: ಸ್ವಲ್ಪ ತಡೆಯುತ್ತದೆ. ಖಾಲಿ ಇದ್ದಾಗಲೇ ಜಾಸ್ತಿ.

ನಾನು: ಹಾಗಿದ್ದರೆ ಶಾಕ್ ಸತ್ತ ಲಕ್ಷಣ ಅಲ್ಲ. ಭಾರ ಹೊರುವುದು ಕಮಾನ್ ಪ್ಲೇಟು, ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು. ಗುಂಡಿಗೆ ಬಿದ್ದ ಪ್ಲೇಟು ಕುಣಿಯುತ್ತಾ ಹೋಗದ ಹಾಗೆ ಹಿಡಿಯುವುದು ಶಾಕು. ಅದರೊಳಗೆ ಆಯಿಲ್ ಸಣ್ಣ ತೂತುಗಳಲ್ಲಿ ನುಸುಳಿ ಹೋಗಬೇಕು, ಆ ತಡೆಯೇ ಅದರ ಕೆಲಸ. ಆಯಿಲ್ ಸೋರಿ ಹೋದರೆ ತಡೆ ಹೋಯಿತು. ಆಗ ಗಾಡಿ ತೇಲುತ್ತದೆ, ಒಂದೇ ಗುಂಡಿಗೆ ಮೂರು ಸಲ ಕುಣಿಯುತ್ತದೆ. ಶಾಕಿನಿಂದಲೂ ಹೊಡೆತ ಬರುವುದುಂಟು. ರಾಡು ಬಗ್ಗಿ ಸಿಕ್ಕಿಕೊಂಡಿದ್ದರೆ, ಉದ್ದ ಹೊಂದದೆ ಕೊನೆಗೆ ಹೋಗಿ ಬಡಿಯುತ್ತಿದ್ದರೆ, ಅಥವಾ ಭಾರದ ಗಾಡಿಯ ಶಾಕನ್ನು ಹಗುರ ಗಾಡಿಗೆ ಹಾಕಿದ್ದರೆ. ಅದನ್ನು ನೋಡಿಯೇ ಹೇಳಬೇಕು. ಫಾರ್ವರ್ಡ್ ನೋಡಿ ಹೇಳಲಿಕ್ಕೆ ಆಗುವುದಿಲ್ಲ.

ದೊಡ್ಡಪ್ಪ: ಮಾಣಿ (ನಮ್ಮ ಕಡೆ ಹುಡುಗರನ್ನು ಕರೆಯುವುದು ಹೀಗೆ), ನೀನು ಹೇಳುವುದು ಇರಬಹುದು. ಇಂಜಿನಿಯರಿಂಗ್ ಓದಿದ ಅಳಿಯ ಇದ್ದಾರೆ. ಅವರು ಒಂದು ಮಾತು ಹೇಳಲಿ.

ಬೆಂಗಳೂರು ಭಾವ: ಮಾವ, ನಾನು ಓದಿದ್ದು ಕಂಪ್ಯೂಟರು.

ಈ ಮಾತು ನನಗೆ ಪ್ರತಿ ಸಲವೂ ನೋವು ಕೊಡುತ್ತದೆ. ಕಾಲೇಜು ಬಿಟ್ಟಾಗಿನಿಂದ ಗಾಡಿಗಳ ಕೆಳಗೇ ಮಲಗಿದ್ದೇನೆ. ಊರವರು ಗಾಡಿ ತಂದು ನನ್ನನ್ನು ಕೇಳುತ್ತಾರೆ, ಮನೆಯವರು ಕೇಳುವುದು ಅಳಿಯನನ್ನು. ಆದರೂ ಅವತ್ತು ಉತ್ತರ ಕೊಡಲಿಲ್ಲ. ಗಾಡಿ ಸರಿಯಾಗುವುದು ಮುಖ್ಯ.

ನಾನು: ಅಣ್ಣಾ, ಖರ್ಚಿಲ್ಲದ್ದನ್ನು ಮೊದಲು ನೋಡುವ. ಗಾಡಿ ತಣ್ಣಗಿರುವಾಗಲೇ ಟೈರಿನ ಗಾಳಿ ನೋಡು. ಓಡಿಸಿದ ಮೇಲೆ ನೋಡಿದರೆ ಜಾಸ್ತಿ ತೋರಿಸುತ್ತದೆ.

ಮೂಲಮನೆ ಅಣ್ಣ: ಹಿಂದಿನ ಎರಡೂ 42 ಪಿಎಸ್ಐ.

ನಾನು: 42! ಖಾಲಿ ಜಿಪ್ಸಿ ಸುಮಾರು ಒಂದು ಟನ್ನಿನ ಗಾಡಿ. ಅಷ್ಟು ಗಾಳಿ ಹಾಕಿದರೆ ಟೈರು ಬಗ್ಗುವುದೇ ಇಲ್ಲ, ಸಣ್ಣ ಕಲ್ಲಿನ ಹೊಡೆತವೂ ನೇರ ಸೀಟಿಗೆ ಬರುತ್ತದೆ.

ಮೂಲಮನೆ ಅಣ್ಣ: ಪಂಪಿನಲ್ಲಿ ನಲವತ್ತರ ಮೇಲೆ ಹಾಕಿಸು, ಮೈಲೇಜ್ ಬರುತ್ತದೆ ಅಂತ ಅಪ್ಪ ಹೇಳಿದ್ದು.

ಹೊನ್ನಾವರ ಅತ್ತೆ: ನೋಡಿ! ಗಾಳಿ ಇಳಿಸಿ ಅಂತಲೇ ಫಾರ್ವರ್ಡಿನಲ್ಲಿ ಇದ್ದದ್ದು.

ನಾನು: ಇಲ್ಲ ಅತ್ತೆ, ಅರ್ಧಕ್ಕೆ ಇಳಿಸಿ ಅಂತ ಇದೆ. ಅದು ಅಪಾಯ. ಗಾಡಿಯ ಪುಸ್ತಕದಲ್ಲಿ ಎಷ್ಟು ಅಂತ ಇದೆಯೋ ಅಷ್ಟೇ ಇಡಬೇಕು. ಕೆಸರಿನಲ್ಲಿ, ಸಮುದ್ರದ ಮರಳಿನಲ್ಲಿ ಗಾಳಿ ತೀರಾ ಇಳಿಸಿ ಓಡಿಸುವವರು ಇದ್ದಾರೆ. ಅವರು ನಿಧಾನ ಹೋಗುತ್ತಾರೆ, ಡಾಂಬರಿಗೆ ಹತ್ತುವ ಮೊದಲು ಮತ್ತೆ ತುಂಬಿಸುತ್ತಾರೆ. ಗಾಳಿ ಕಮ್ಮಿ ಇಟ್ಟುಕೊಂಡು ಜೋರು ಓಡಿಸಿದರೆ ಟೈರಿನ ಪಕ್ಕ ಬಗ್ಗಿ ಬಗ್ಗಿ ಕಾಯುತ್ತದೆ, ಒಡೆಯಬಹುದು. ಘಟ್ಟದ ತಿರುವಿನಲ್ಲಿ ರಿಮ್ಮಿನಿಂದ ಟೈರು ಕಳಚಿದರೆ ಏನು ಗತಿ?

ಅಣ್ಣ ಗಾಳಿ ಸರಿ ಮಾಡಿ ತೋಟದ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದ. ಸಣ್ಣ ಗಡಗಡ ಕಮ್ಮಿಯಾಗಿತ್ತು. ದೊಡ್ಡ ಹೊಡೆತ ಹಾಗೇ ಇತ್ತು.

ನಾನು: ಅತ್ತಿಗೆ ಹತ್ತಿರ ಒಂದು ಮುಷ್ಟಿ ಚಪಾತಿ ಹಿಟ್ಟು ಕೇಳು. ಹಿಂದಿನ ಆ್ಯಕ್ಸಲ್ (ಎರಡು ಚಕ್ರ ಸೇರಿಸುವ ಅಚ್ಚು) ಮೇಲಕ್ಕೆ ಎದ್ದರೆ ತಾಗುವ ಜಾಗದಲ್ಲಿ, ಚಾಸಿಗೆ ಒಂದು ಕರಿ ರಬ್ಬರ್ ಇರುತ್ತದೆ. ಬಂಪ್ ಸ್ಟಾಪು. ಅದರ ತುದಿಗೆ ಹೆಬ್ಬೆರಳು ಗಾತ್ರದ ಉಂಡೆ ಅಂಟಿಸು. ಅದೇ ಸುತ್ತು ಮತ್ತೆ ಹೋಗು.

ಅತ್ತೆಯ ಮಗ: ಹಿಟ್ಟಿಂದ ಗಾಡಿ ರಿಪೇರಿ?

ನಾನು: ಪ್ಲೇಟು ಸೋತು ಕುಸಿದಿದ್ದರೆ ಆ್ಯಕ್ಸಲ್ ಹೋಗಿ ರಬ್ಬರಿಗೆ ಬಡಿಯುತ್ತದೆ. ಆಗಲೂ ಗಟ್ಟಿ ಹೊಡೆತವೇ ಬರುವುದು. ಪ್ಲೇಟು ಮೆತ್ತಗಾಗಿಯೂ ಸೀಟು ಎತ್ತಿ ಹಾಕುವುದು ಹೀಗೆ. ಬಡಿದಿದ್ದರೆ ಹಿಟ್ಟು ಚಪ್ಪಟೆ. ಬಡಿಯದಿದ್ದರೆ ಉಂಡೆ ಹಾಗೇ.

ಮೂಲಮನೆ ಅಣ್ಣ: (ಫೋಟೊ) ಉಂಡೆ ಹಾಗೇ ಇದೆ. ಎರಡೂ ಕಡೆ. ಧೂಳು ಮಾತ್ರ ಹಿಡಿದಿದೆ.

ನಾನು: ಅಂದರೆ ಆ್ಯಕ್ಸಲ್ ಅಲ್ಲಿ ತನಕ ಏಳುತ್ತಲೇ ಇಲ್ಲ. ಇನ್ನು ಶಾಕಿನ ಕೆಳಗಿನ ಬೋಲ್ಟು ಬಿಚ್ಚು, ಎರಡೂ ಕಡೆ. ಕೈಯಲ್ಲಿ ಒತ್ತಿ ಬಿಟ್ಟು ನೋಡು. ಆಮೇಲೆ ಅದನ್ನು ಮೇಲಕ್ಕೆ ಕಟ್ಟಿ, ಅಂಗಳದಲ್ಲೇ ನಡೆಯುವಷ್ಟು ನಿಧಾನ ಓಡಿಸು. ರಸ್ತೆಗೆ ಮಾತ್ರ ಒಯ್ಯಬೇಡ.

ಇದಕ್ಕೆ ಮಧ್ಯಾಹ್ನ ಆಯಿತು. ಅಷ್ಟರೊಳಗೆ ದೊಡ್ಡಪ್ಪ ಸುಭಾಷಿತ ಒಂದು ಹಾಕಿದರು. ಅತ್ತೆ ಹಳೇ ಮಾತು ತೆಗೆದರು: ಮಗಳ ಮದುವೆಗೆ ನೆಂಟರನ್ನು ಕರೆತರಲು ಜೀಪು ಕೇಳಿದರೆ ಬ್ಯಾಟರಿ ಹೋಗಿದೆ ಅಂದಿದ್ದರು, ಅದೇ ವಾರ ಜೀಪು ಯಾಣದಲ್ಲಿ ಕಂಡಿತ್ತು. ಕಂಡವರು ಯಾರು ಅಂತ ಭಾವ ಕೇಳಿದರು. ಕಾರವಾರ ಅಕ್ಕ ಅಜ್ಜನ ಫೋಟೊ ಹಾಕಿದಳು, ಅದಕ್ಕೆ ಎಲ್ಲರೂ ಕೈಮುಗಿದರು.

ಮೂಲಮನೆ ಅಣ್ಣ: ಶಾಕ್ ಎರಡೂ ಒತ್ತಿದರೆ ಒಂದೇ ಸಮ ಒಳಗೆ ಹೋಗುತ್ತದೆ, ಬಿಟ್ಟರೆ ತಾನೇ ಹೊರಗೆ ಬರುತ್ತದೆ. ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಶಾಕ್ ಬಿಚ್ಚಿ ಅಂಗಳದ ಕಟ್ಟೆ ಹತ್ತಿಸಿ ಇಳಿಸಿದೆ. ಹಾಗೇ ಎತ್ತಿ ಹಾಕಿತು.

ನಾನು: ಶಾಕ್ ಇಲ್ಲದೆಯೂ ಗಟ್ಟಿ. ಇನ್ನು ಶಾಕಿನ ಮೇಲೆ ತಪ್ಪು ಹೊರಿಸುವುದು ಬೇಡ. ಪ್ಲೇಟಿನ ಫೋಟೊ ಹಾಕು, ಹತ್ತಿರದಿಂದ. ಪ್ಲೇಟಿನ ಹಿಂದಿನ ತುದಿ ತೂಗುವ ಕೊಂಡಿಯದೂ ಬೇಕು, ಶ್ಯಾಕಲ್.

ಫೋಟೊ ಬಂತು. ಪ್ಲೇಟುಗಳ ನಡುವೆ ಕೆಂಪು ತುಕ್ಕು ಪದರ ಪದರವಾಗಿ ಉಬ್ಬಿತ್ತು. ಶ್ಯಾಕಲ್ ಬೋಲ್ಟಿನ ಸುತ್ತ ರಬ್ಬರ್ ಬುಷ್ ಊದಿ ಹೊರಗೆ ಬಂದಿತ್ತು. ಕೆಳಗಿನಿಂದ ಎರಡನೆಯ ಪ್ಲೇಟು ಉಳಿದವುಗಳ ಜಾತಿಯದಲ್ಲ. ತುದಿ ಗ್ಯಾಸಿನಲ್ಲಿ ಕತ್ತರಿಸಿದ್ದು, ದಪ್ಪವೂ ಬೇರೆ. ಅಣ್ಣ ಅಳತೆ ಮಾಡಿದ. ಉಳಿದದ್ದೆಲ್ಲ 6 ಮಿಲಿಮೀಟರು, ಅದೊಂದು 8.

ನಾನು: ಇದೇ. ಯಾರೋ ಒಂದು ಪ್ಲೇಟು ಸೇರಿಸಿದ್ದಾರೆ. ಎರಡೇ ಮಿಲಿಮೀಟರು ಅಂತ ಬಿಡಬೇಡಿ. ಪ್ಲೇಟಿನ ಗಟ್ಟಿತನ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಉದ್ದ, ಅಗಲ ಒಂದೇ ಇದ್ದರೆ 8ರ ಪ್ಲೇಟು 6ರದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಗಟ್ಟಿ.

ಬೆಂಗಳೂರು ಭಾವ: ತಡಿ. 8ರ ಘನ 512. 6ರ ಘನ 216. ಭಾಗಿಸಿದರೆ 2.37. ಲೆಕ್ಕ ಸರಿ ಇದೆ.

ದೊಡ್ಡಪ್ಪ: ಅಳಿಯ ಹೇಳಿದರೆ ಸರಿಯೇ ಇರುತ್ತದೆ.

ನಾನು: ಜತೆಗೆ ತುಕ್ಕು. ಭಾರ ಬಿದ್ದಾಗ ಪ್ಲೇಟುಗಳು ಒಂದರ ಮೇಲೊಂದು ಜಾರಬೇಕು. ತುಕ್ಕು ಹಿಡಿದರೆ ಜಾರುವುದಿಲ್ಲ, ಎಲ್ಲ ಸೇರಿ ಒಂದೇ ದಪ್ಪ ಪಟ್ಟಿಯ ಹಾಗೆ ನಿಲ್ಲುತ್ತದೆ. ಇನ್ನು ಆ ಬುಷ್ ಊದಿದ್ದು ಹೇಗೆ? ಯಾರು ಆಯಿಲ್ ಬಳಿದದ್ದು?

ಮೂಲಮನೆ ಅಣ್ಣ: ಪ್ರತಿ ಮಳೆಗಾಲದ ಮೊದಲು ಸುಟ್ಟ ಆಯಿಲ್ ಬಳಿಯುತ್ತೇವೆ. ಅಜ್ಜನ ಕಾಲದಿಂದಲೂ.

ನಾನು: ತುಕ್ಕು ತಡೆಯಲಿ ಅಂತ ಮಾಡಿದ್ದು, ಅರ್ಥವಾಗುತ್ತದೆ. ಆದರೆ ಆಯಿಲ್ ತಾಗಿದರೆ ರಬ್ಬರ್ ಊದಿ ಕೊಳೆಯುತ್ತದೆ. ಆಯಿಲಿಗೆ ಧೂಳು ಸೇರಿದರೆ ಅರೆಯುವ ಹಿಟ್ಟು. ಪ್ಲೇಟು ಬಿಚ್ಚಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ಗ್ರಾಫೈಟ್ ಹಚ್ಚಿ ಜೋಡಿಸಬೇಕು.

ಅತ್ತೆಯ ಮಗ: ಆ ದಪ್ಪ ಪ್ಲೇಟು ಹಾಕಿಸಿದ್ದು ಯಾರು ಅಂತ ಮೊದಲು ಹೇಳಿ. ಕೆಸರಲ್ಲಿ ಹಾರಿಸಲಿಕ್ಕೆ ಅಣ್ಣನೇ ಹಾಕಿಸಿರಬೇಕು.

ಮೂಲಮನೆ ಅಣ್ಣ: ನಾನು ಶಾಕ್ ಒಂದು ಬಿಟ್ಟು ಹಿಂದುಗಡೆ ಏನನ್ನೂ ಮುಟ್ಟಿಲ್ಲ. ಒಂದು ವರ್ಷದಿಂದ ಎಲ್ಲರೂ ನನಗೇ ಹೇಳ್ತಾ ಇದ್ದೀರಿ.

ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ‘ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು, ಹೋಯಿತು, ಮತ್ತೆ ಬಂತು.

ದೊಡ್ಡಪ್ಪ: ಪ್ಲೇಟು ನಾನು ಹಾಕಿಸಿದ್ದು. ಆಗ ಶಿರಸಿಯ ಅಡಿಕೆ ಸೊಸೈಟಿ ಟಿಎಸ್ಎಸ್‌ಗೆ ಅಡಿಕೆ ಇದರಲ್ಲೇ ಹೋಗುತ್ತಿತ್ತು. ಗೊಬ್ಬರವೂ ಇದರಲ್ಲೇ. ಒಂದು ಕೊಯ್ಲಿನಲ್ಲಿ ಹಿಂದುಗಡೆ ಕುಸಿದು ಟೈರು ಉಜ್ಜುತ್ತಿತ್ತು. ಶಾಕ್ ಹಾಕಿಸಿದ ಮಾಣಿಗೆ ಸುಮ್ನೆ ಮಾತು ಬಂತು.

ನಾನು: ಚೀಲ ಹೊರುವ ಗಾಡಿಗೆ ಅದು ಸರಿಯಾದ ಕೆಲಸವೇ ದೊಡ್ಡಪ್ಪ. ಈಗ ಅಡಿಕೆ ಬಾಡಿಗೆ ಗಾಡಿಯಲ್ಲಿ ಹೋಗುತ್ತದೆ, ಇದರಲ್ಲಿ ಕೂರುವುದು ಅತ್ತೆ, ಆಯಿ. ಜಿಪ್ಸಿಯ ಹಿಂದಿನ ಸೀಟು ಚಕ್ರದ ನೆತ್ತಿಯ ಮೇಲೇ ಇದೆ. ಅಲ್ಲಿ ಕೂತವರಿಗೆ ಹೊಡೆತ ನೇರ ತಾಗುತ್ತದೆ. ಆ ಪ್ಲೇಟು ತೆಗೆಯುವ.

ದೊಡ್ಡಪ್ಪ: ತೆಗೆದರೆ ಮತ್ತೆ ಕುಸಿದರೆ?

ನಾನು: ಕುಸಿದರೆ ಉಳಿದ ಪ್ಲೇಟು ಸೋತಿವೆ ಅಂತ ಗೊತ್ತಾಗುತ್ತದೆ. ಆಗ ಸೆಟ್ ಬದಲಿಸಬೇಕು. ಅದನ್ನು ತೆಗೆದು ನೋಡಿಯೇ ಹೇಳುತ್ತೇನೆ, ಮೊದಲೇ ಖರ್ಚು ಬೇಡ. ಬುಷ್, ಪ್ಲೇಟನ್ನು ಆ್ಯಕ್ಸಲಿಗೆ ಹಿಡಿಯುವ ಯು ಬೋಲ್ಟು ಮಾತ್ರ ಹೊಸತು ಬೇಕು.

ಹೊನ್ನಾವರ ಅತ್ತೆ: ಮೇಲೆ ಹೋಗಿ ಬಿಲ್ಲು ನೋಡಿದೆ. ಸರಿ ಇದೆ. ಮಾಣಿ ಬೇಜಾರು ಮಾಡಿಕೊಳ್ಳಬೇಡ. ಮದುವೆಗೆ ಜೀಪು ಕಳಿಸದ್ದು ಬೇರೆ ವಿಷಯ, ಅದನ್ನು ನಾನು ಮರೆತಿಲ್ಲ.

ಮೂಲಮನೆ ಅಣ್ಣ: ಆಯ್ತು ಅತ್ತೆ. ನಾನು ಇಲ್ಲೇ ಪೇಟೆಯಲ್ಲಿ ಬಿಚ್ಚಿಸಿ ಜೋಡಿಸಲಾ, ಕುಮಟೆಗೆ ತರಲಾ?

ನಾನು: ಎಲ್ಲಿ ಮಾಡಿಸಿದರೂ ಒಂದು ಹೇಳು. ಶ್ಯಾಕಲ್ ಬೋಲ್ಟು ಕೊನೆಗೆ ಬಿಗಿ ಮಾಡುವಾಗ ಗಾಡಿ ಚಕ್ರದ ಮೇಲೆ ನಿಂತಿರಬೇಕು. ಜಾಕಿನ ಮೇಲೆ ಆ್ಯಕ್ಸಲ್ ನೇತಾಡುವಾಗ ಬಿಗಿ ಮಾಡಿದರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಳ್ಳುತ್ತದೆ. ಬುಷ್ ಬೇಗ ಹರಿಯುತ್ತದೆ, ಗಾಡಿ ಮತ್ತೆ ಗಟ್ಟಿ. ಇದನ್ನು ಬಹಳ ಕಡೆ ಅವಸರದಲ್ಲಿ ಬಿಟ್ಟುಬಿಡುತ್ತಾರೆ.

ಮೂಲಮನೆ ಅಣ್ಣ: ಕುಮಟೆಗೇ ತರುತ್ತೇನೆ. ಶುಕ್ರವಾರ.

ದೊಡ್ಡಪ್ಪ: ಮಾಣಿ, ತೆಗೆದ ಪ್ಲೇಟು ಗುಜರಿಗೆ ಹಾಕಬೇಡ. ಮನೆಗೆ ಕಳಿಸು.

ನಾನು: ಕಳಿಸುತ್ತೇನೆ ದೊಡ್ಡಪ್ಪ. ಪ್ಲೇಟುಗಳನ್ನು ಮಧ್ಯದಲ್ಲಿ ಸೇರಿಸಿ ಹಿಡಿಯುವ ಉದ್ದದ ಸೆಂಟರ್ ಬೋಲ್ಟನ್ನೂ ಅದರ ಜತೆಗೇ ಕಟ್ಟಿ ಇಡುತ್ತೇನೆ. ಯಾವಾಗಲಾದರೂ ಚೀಲ ಹೊರುವ ಕೆಲಸ ಬಂದರೆ ಅದು ಬೇಕಾಗುತ್ತದೆ.