ಅಮ್ಮನ ಇಇಜಿ ವರದಿಯಲ್ಲಿ ‘ಆಲ್ಫಾ ಸಂಪರ್ಕ ಕುಗ್ಗಿದೆ’ ಎಂದಿದೆ: ಇದನ್ನು ಹೇಗೆ ಓದಬೇಕು?

ಪ್ರಶ್ನೆ

ನನ್ನ ತಾಯಿಯವರಿಗೆ 71 ವರ್ಷ. ಒಂದೂವರೆ ವರ್ಷದಿಂದ ಮರೆವು ಹೆಚ್ಚಿದ್ದು, ಹೇಳಿದ್ದನ್ನೇ ಹತ್ತು ನಿಮಿಷದಲ್ಲಿ ಮತ್ತೆ ಹೇಳುತ್ತಾರೆ. ಆದರೆ ಔಷಧಿ, ಹಣದ ಲೆಕ್ಕ, ಅಡುಗೆ ಎಲ್ಲವನ್ನೂ ತಾವೇ ನಿಭಾಯಿಸುತ್ತಾರೆ. ನೆನಪಿನ ಪರೀಕ್ಷೆ ನಡೆಸಿದ ವೈದ್ಯರು ಇದು ಡಿಮೆನ್ಷಿಯಾ ಅಲ್ಲ, ಎಂಸಿಐ, ಅಂದರೆ ಅರಿವಿನ ಸೌಮ್ಯ ಕುಂದು ಎಂದರು. ಬಳಿಕ ಬೇರೊಂದು ಕಡೆ ಇಇಜಿ, ಅಂದರೆ ತಲೆಗೆ ಎಲೆಕ್ಟ್ರೋಡು ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ಮಾಡಿಸಿದೆವು. ಅದರ ಗಣಕ ವಿಶ್ಲೇಷಣೆಯಲ್ಲಿ ತಲೆಯ ಚಿತ್ರದ ಮೇಲೆ ಕೆಂಪು, ನೀಲಿ ಗೆರೆಗಳನ್ನೆಳೆದು, ಆಲ್ಫಾ ಅಲೆಗಳ ಕೊಹೆರೆನ್ಸ್ (ಎರಡು ಜಾಗಗಳ ಅಲೆಗಳ ಹೊಂದಾಣಿಕೆಯ ಅಳತೆ) ಕುಗ್ಗಿದೆ, ಥೀಟಾ ಹೆಚ್ಚಿದೆ, ಅಲ್ಝೈಮರ್ ಮಾದರಿಗೆ ಹೊಂದುತ್ತದೆ ಎಂದು ಬರೆದಿದ್ದಾರೆ. ಇದನ್ನು ರೋಗನಿರ್ಣಯವೆಂದೇ ತಿಳಿಯಬೇಕೆ? ಹಿಂದಿನ ರಾತ್ರಿ ನಿದ್ರೆ ಸರಿಯಾಗದೆ, ಪರೀಕ್ಷೆಯ ಮಂಚದ ಮೇಲೆಯೇ ಅವರು ಎರಡು ಬಾರಿ ಗೊರಕೆ ಹೊಡೆದರು ಎಂಬುದನ್ನೂ ಹೇಳಿಬಿಡುತ್ತೇನೆ.

ಉತ್ತರ 1 (ಇಇಜಿ ತಂತ್ರಜ್ಞೆ)

ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ನನಗೆ ವರದಿಗಿಂತ ಮುಖ್ಯವಾಗಿ ಕಂಡಿತು. ಎಚ್ಚರವಿದ್ದು ಕಣ್ಣು ಮುಚ್ಚಿದಾಗ ಹಿಂದಲೆಯಲ್ಲಿ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆ ಸ್ಪಷ್ಟವಾಗಿ ಕಾಣುತ್ತದೆ, ಕಣ್ಣು ತೆರೆದೊಡನೆ ಅಡಗುತ್ತದೆ. ತೂಕಡಿಕೆ ಹತ್ತಿದಾಗ ಅದೇ ಆಲ್ಫಾ ತುಂಡುತುಂಡಾಗಿ, ಅದರ ಜಾಗಕ್ಕೆ 4ರಿಂದ 8ರ ಥೀಟಾ ಬರುತ್ತದೆ. ಅಂದರೆ ಆಲ್ಫಾ ಕಡಿಮೆ, ಥೀಟಾ ಹೆಚ್ಚು ಎಂಬ ಚಿತ್ರವನ್ನು ರೋಗವೂ ಕೊಡಬಲ್ಲದು, ನಿದ್ದೆಗೆಟ್ಟ ರಾತ್ರಿಯೂ ಕೊಡಬಲ್ಲದು. ನಾವು ದಾಖಲಿಸುವಾಗ ಕಣ್ಣುಗುಡ್ಡೆಗಳು ನಿಧಾನವಾಗಿ ಅತ್ತಿತ್ತ ತೇಲತೊಡಗಿದ್ದನ್ನು ಕಂಡರೆ ಕೂಡಲೇ ಮಾತನಾಡಿಸಿ ಎಚ್ಚರಿಸುತ್ತೇವೆ, ಆ ಜಾಗಕ್ಕೆ ಗುರುತನ್ನೂ ಹಾಕುತ್ತೇವೆ. ವಿಶ್ಲೇಷಣೆಗೆ ಯಾವ ಭಾಗಗಳನ್ನು ಆರಿಸಿದರು ಎಂದು ಕೇಳಿ. ಬಣ್ಣದ ಚಿತ್ರವಷ್ಟೇ ಸಾಲದು, ಮೂಲ ಅಲೆಗಳ ಕಡತವನ್ನೂ ಪಡೆಯಿರಿ. ತಾಯಿಯವರು ಸೇವಿಸುವ ಮಾತ್ರೆಗಳ ಪಟ್ಟಿಯೂ ಬೇಕು. ಬೆಂಜೊಡಯಾಜೆಪೀನ್ ಗುಂಪಿನ ನಿದ್ರೆ ಮಾತ್ರೆಗಳು ಆಲ್ಫಾಗಿಂತ ವೇಗದ ಬೀಟಾ ಅಲೆಗಳನ್ನು ಹೆಚ್ಚಿಸುತ್ತವೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್ಕೋಲಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವ ಕೆಲವು ಅಲರ್ಜಿ ಮತ್ತು ಮೂತ್ರಕೋಶದ ಔಷಧಿಗಳು ಅಲೆಗಳನ್ನು ನಿಧಾನಗೊಳಿಸುವುದಲ್ಲದೆ ಮರೆವನ್ನೂ ತರಬಲ್ಲವು.

ಉತ್ತರ 2 (ನರವಿಜ್ಞಾನ ಸಂಶೋಧಕ)

ಮೇಲಿನವರ ಮಾತಿಗೆ ‘ಸಂಪರ್ಕ’ ಎಂಬ ಪದದ ಕುರಿತು ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಚಿತ್ರದಲ್ಲಿನ ಗೆರೆಗಳನ್ನು ಜನರು ಮೆದುಳಿನೊಳಗಿನ ತಂತಿಗಳೆಂದೇ ಭಾವಿಸುತ್ತಾರೆ. ಅವು ತಂತಿಗಳಲ್ಲ, ಲೆಕ್ಕಾಚಾರದ ಫಲ. ಸೆಕೆಂಡಿಗೆ 10 ಬಾರಿ ಏರಿಳಿಯುವ ಅಲೆಯ ಒಂದು ಸುತ್ತಿಗೆ 100 ಮಿಲಿಸೆಕೆಂಡ್ ಹಿಡಿಯುತ್ತದೆ. ಹಿಂದಲೆಯ ಅಲೆ ತುದಿ ಮುಟ್ಟಿದ ಮೇಲೆ ಹಣೆಯ ಅಲೆ ಪ್ರತಿ ಸಲವೂ ಸುಮಾರು 15 ಮಿಲಿಸೆಕೆಂಡ್ ತಡವಾಗಿ ತುದಿ ಮುಟ್ಟಿದರೆ ಆ ಎರಡು ಜಾಗಗಳ ನಡುವೆ ಹೊಂದಾಣಿಕೆ ಇದೆ ಎನ್ನುತ್ತೇವೆ; ಒಮ್ಮೆ 15, ಒಮ್ಮೆ 60, ಇನ್ನೊಮ್ಮೆ 35 ಎಂದು ಚದುರಿದರೆ ಇಲ್ಲ ಎನ್ನುತ್ತೇವೆ. ತೊಡಕು ಇರುವುದು ತಡವೇ ಇಲ್ಲದ ಹೊಂದಾಣಿಕೆಯಲ್ಲಿ. ಒಂದೇ ಮೂಲದ ವಿದ್ಯುತ್ತು ಬುರುಡೆ, ಚರ್ಮಗಳ ಮೂಲಕ ಹರಡಿ ಎರಡು ಎಲೆಕ್ಟ್ರೋಡುಗಳಿಗೂ ಏಕಕಾಲಕ್ಕೆ ತಲುಪುತ್ತದೆ. ಒಂದೇ ಗಂಟೆಯ ಸದ್ದು ಎರಡು ಕೋಣೆಗಳಲ್ಲಿ ಕೇಳಿಸಿತೆಂದರೆ ಆ ಕೋಣೆಗಳು ಪರಸ್ಪರ ಮಾತನಾಡಿಕೊಂಡವು ಎಂದು ಅರ್ಥವಲ್ಲ. ಸಾಮಾನ್ಯ ಕೊಹೆರೆನ್ಸ್ ಈ ಎರಡನ್ನು ಬೇರ್ಪಡಿಸುವುದಿಲ್ಲ. ಅದಕ್ಕಾಗಿಯೇ 2004ರಲ್ಲಿ ಕೊಹೆರೆನ್ಸ್‌ನ ಕಾಲ್ಪನಿಕ ಭಾಗವನ್ನು (ಇದು ಗಣಿತದ ಪದ, ಊಹೆ ಎಂದಲ್ಲ) ಮಾತ್ರ ಬಳಸುವ ವಿಧಾನವೂ 2007ರಲ್ಲಿ ಫೇಸ್ ಲ್ಯಾಗ್ ಇಂಡೆಕ್ಸ್ ಎಂಬ ಅಳತೆಯೂ ಬಂದವು; ಎರಡೂ ತಡವಿಲ್ಲದ ಹೊಂದಾಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಿಮ್ಮ ವರದಿಯಲ್ಲಿ ಹಳೆಯ ಕೊಹೆರೆನ್ಸನ್ನೇ ಬಳಸಿರುವಂತಿದೆ.

ಹಾಗೆಂದು ಈ ಸಂಶೋಧನೆಯೇ ಟೊಳ್ಳು ಎಂದು ನಾನು ಹೇಳುತ್ತಿಲ್ಲ. ಅಲ್ಝೈಮರ್ ರೋಗಿಗಳ ಗುಂಪನ್ನು ಆರೋಗ್ಯವಂತರ ಗುಂಪಿನೊಡನೆ ಹೋಲಿಸಿದರೆ ಅಲೆಗಳು ನಿಧಾನವಾಗುವುದೂ ಆಲ್ಫಾ, ಬೀಟಾ ಅಲೆಗಳ ಹೊಂದಾಣಿಕೆ ಕುಗ್ಗುವುದೂ ಮತ್ತೆ ಮತ್ತೆ ಕಂಡುಬಂದಿದೆ. ನರಕೋಶಗಳ ನಡುವಿನ ಸಂಧಿಗಳು ನಶಿಸುವುದು ಮತ್ತು ಮುಂಮೆದುಳಿನ ಬುಡಭಾಗದಿಂದ ಹೊರಪದರಕ್ಕೆ ಅಸಿಟೈಲ್ಕೋಲಿನ್ ಒದಗಿಸುವ ಕೋಶಗಳು ಸಾಯುವುದು ಇದಕ್ಕೆ ಮುಖ್ಯ ಕಾರಣಗಳು. ಎಂಸಿಐ ವಿಷಯದಲ್ಲಿ ಚಿತ್ರ ಇಷ್ಟು ನೇರವಾಗಿಲ್ಲ: ಕೆಲವು ಅಧ್ಯಯನಗಳಲ್ಲಿ ಹೊಂದಾಣಿಕೆ ಕುಗ್ಗಿದೆ, ಕೆಲವದರಲ್ಲಿ ಹೆಚ್ಚಿದೆ. ಹೆಚ್ಚಿದ್ದನ್ನು ಮೆದುಳು ನಷ್ಟವನ್ನು ತುಂಬಿಕೊಳ್ಳುವ ಪ್ರಯತ್ನವೆಂದು ವಿವರಿಸುವವರಿದ್ದಾರೆ. ಏರಿದರೂ ಇಳಿದರೂ ಹೊಂದಿಕೊಳ್ಳುವ ಈ ವಿವರಣೆ ನನಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸವಿದ್ದರೂ ಎರಡೂ ಗುಂಪುಗಳ ಅಂಕಿಗಳು ಬಹಳಷ್ಟು ಒಂದರ ಮೇಲೊಂದು ಬೀಳುವುದರಿಂದ, ಒಬ್ಬ ವ್ಯಕ್ತಿಯ ಒಂದು ದಾಖಲೆಯಿಂದ ರೋಗದ ಹೆಸರು ಹೇಳಲಾಗದು.

ಪ್ರಶ್ನೆ ಕೇಳಿದವರು

ಹಾಗಾದರೆ ಮರೆವಿಗೆ ಇಇಜಿ ಮಾಡಿಸುವುದೇ ವ್ಯರ್ಥವೆ?

ಉತ್ತರ 3 (ನರರೋಗ ವೈದ್ಯೆ)

ವ್ಯರ್ಥವಲ್ಲ, ಆದರೆ ಅದರ ಉಪಯೋಗ ಬೇರೆಡೆ ಇದೆ. ಹೊರಗೆ ಕಾಣದ ಮೂರ್ಛೆರೋಗದಿಂದಲೂ ಆಗಾಗ ನೆನಪು ತಪ್ಪಬಹುದು. ಅದನ್ನು ಹುಡುಕಲು ಇಇಜಿ ಬೇಕು. ಇಲ್ಲದ್ದು ಕಣ್ಣಿಗೆ ಕಾಣುವುದು, ದಿನದಿಂದ ದಿನಕ್ಕೆ ಎಚ್ಚರ ಏರುಪೇರಾಗುವುದು ಇದ್ದಾಗ ಲೂಯಿ ಬಾಡಿ ಡಿಮೆನ್ಷಿಯಾದ ಸಂಶಯ ಬರುತ್ತದೆ. ಹಿಂದಲೆಯ ಅಲೆಗಳು ನಿಧಾನವಾಗಿ, ಆ ವೇಗವೂ ಆಗಾಗ ಏರಿಳಿಯುವುದನ್ನು ಆ ರೋಗದ ಪೂರಕ ಗುರುತಾಗಿ 2017ರ ಅಂತರರಾಷ್ಟ್ರೀಯ ಮಾನದಂಡಗಳು ಒಪ್ಪಿವೆ.

ನಿಮ್ಮ ತಾಯಿಯವರ ವಿಷಯದಲ್ಲಿ ಮೊದಲು ಬಿ12, ಥೈರಾಯ್ಡ್, ಕಿವಿಯ ಪರೀಕ್ಷೆ, ಖಿನ್ನತೆಯ ವಿಚಾರಣೆ ಮತ್ತು ಎಂಆರ್‌ಐ ಆಗಿವೆಯೇ ಎಂದು ನೋಡಿ. ಗೊರಕೆ ದಿನವೂ ಇದ್ದರೆ ನಿದ್ರೆಯಲ್ಲಿ ಉಸಿರು ಕಟ್ಟುತ್ತಿದೆಯೇ ಎಂಬುದನ್ನೂ ವಿಚಾರಿಸಬೇಕು, ಅದೂ ನೆನಪನ್ನು ಕೆಡಿಸುತ್ತದೆ. ಅಲ್ಝೈಮರ್ ಹೌದೇ ಅಲ್ಲವೇ ಎಂದು ತಿಳಿಯಲೇಬೇಕಾದರೆ ಅದಕ್ಕೆ ಮೆದುಳಿನಲ್ಲಿ ಸೇರಿದ ಅಮಿಲಾಯ್ಡ್ ಪ್ರೋಟೀನನ್ನು ತೋರಿಸುವ ಪೆಟ್ ಸ್ಕ್ಯಾನ್, ಬೆನ್ನುಹುರಿಯ ದ್ರವದ ಪರೀಕ್ಷೆ ಹಾಗೂ ಟೌ ಪ್ರೋಟೀನಿನ ಒಂದು ರೂಪವನ್ನು ಅಳೆಯುವ ಇತ್ತೀಚಿನ ಪಿ-ಟೌ217 ರಕ್ತಪರೀಕ್ಷೆ ಇವೆ. ಎಂಸಿಐ ಇರುವವರೆಲ್ಲರೂ ಡಿಮೆನ್ಷಿಯಾದತ್ತ ಸಾಗುವುದಿಲ್ಲ. ಕೆಲವರು ಹಾಗೆಯೇ ಉಳಿಯುತ್ತಾರೆ, ಕೆಲವರು ಮೊದಲಿನ ಸ್ಥಿತಿಗೆ ಮರಳುತ್ತಾರೆ. ಆದ್ದರಿಂದ ಆರರಿಂದ ಹನ್ನೆರಡು ತಿಂಗಳ ಬಳಿಕ ನೆನಪಿನ ಪರೀಕ್ಷೆಯನ್ನು ಮತ್ತೆ ಮಾಡಿಸಿ ಹೋಲಿಸಿ ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಮೂಲ ಕಡತ ಸಿಕ್ಕಿತು. ಒಟ್ಟು 20 ನಿಮಿಷಗಳ ದಾಖಲೆಯಲ್ಲಿ ಆರನೆಯ ಮತ್ತು ಹದಿಮೂರನೆಯ ನಿಮಿಷಗಳಲ್ಲಿ ತಂತ್ರಜ್ಞರು ‘ತೂಕಡಿಕೆ’ ಎಂದು ಗುರುತು ಹಾಕಿದ್ದಾರೆ, ವಿಶ್ಲೇಷಣೆಗೆ ಮಾತ್ರ 20 ನಿಮಿಷಗಳನ್ನೂ ಒಟ್ಟಾಗಿ ತೆಗೆದುಕೊಂಡಿದ್ದಾರೆ. ಬಿ12 ಪರೀಕ್ಷೆಗೆ ನಾಳೆ ರಕ್ತ ಕೊಡಿಸುತ್ತಿದ್ದೇನೆ.