ಐರ್ಲೆಂಡಿನ 800ನೇ ಸಂಖ್ಯೆಯ ಉಗಿ ಎಂಜಿನ್: ಮಾದರಿಯ ಹಳಿಯ ಅಗಲ ಎಷ್ಟಿರಬೇಕು?

ಪ್ರಶ್ನೆ – ಕದ್ರಿ, ಮಂಗಳೂರು
ಮಾನ್ಯರೇ, ಡಬ್ಲಿನ್‌ನ ಇಂಚಿಕೋರ್ ಕಾರ್ಯಾಗಾರದಲ್ಲಿ 1939ರಲ್ಲಿ ತಯಾರಾದ ‘ಮೇವ್’ ಎಂಜಿನ್ನಿನ ಮಾದರಿಯನ್ನು ಅಡಿಗೆ 4 ಮಿ.ಮೀ. ಅಳತೆಯಲ್ಲಿ ಹಿತ್ತಾಳೆ ತಗಡಿನಿಂದ ಮಾಡುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ 16.5 ಮಿ.ಮೀ. ಹಳಿಯ ಮೇಲಿಟ್ಟರೆ ಎದುರಿನಿಂದ ಗಾಲಿಗಳು ತೀರಾ ಒಳಸರಿದಂತೆ ಕಾಣುತ್ತವೆ. ಸರಿಯಾದ ಅಗಲ ಯಾವುದು?

ಉತ್ತರ – ಮಣಿಪಾಲ
ನೀವು ಗಮನಿಸಿದ್ದು ಸರಿ. ಐರ್ಲೆಂಡಿನ ಹಳಿಯ ಅಗಲ 5 ಅಡಿ 3 ಅಂಗುಲ, ಅಂದರೆ 1600 ಮಿ.ಮೀ.; ನಮ್ಮ ಮಂಗಳೂರು ಸೆಂಟ್ರಲ್‌ನ 1676 ಮಿ.ಮೀ. ಬ್ರಾಡ್‌ಗೇಜಿಗಿಂತ ಮೂರು ಅಂಗುಲ ಮಾತ್ರ ಕಡಿಮೆ. ನಿಮ್ಮ ಅಳತೆಗೆ ಇಳಿಸಿದರೆ 21 ಮಿ.ಮೀ. ಬರುತ್ತದೆ. ಹಳಿಯನ್ನು ಕೈಯಿಂದಲೇ ಜೋಡಿಸಿ, ಗಾಲಿಗಳ ಅಚ್ಚನ್ನು ಉದ್ದಗೊಳಿಸಬೇಕಾಗುತ್ತದೆ. ಆದರೆ ಮೂರು ಸಿಲಿಂಡರುಗಳ ಈ ಎಂಜಿನ್ನಿನಲ್ಲಿ ಚೌಕಟ್ಟಿನ ನಡುವಿನ ಸಿಲಿಂಡರಿನ ಭಾಗಗಳನ್ನು ಕೂರಿಸಲು ಆಗ ಜಾಗ ಸಿಗುವುದರಿಂದ ಆ ಶ್ರಮ ಖಂಡಿತ ಸಾರ್ಥಕ. ಚಾಲಕ ಗಾಲಿ 6 ಅಡಿ 7 ಅಂಗುಲ. ಮಾದರಿಯಲ್ಲಿ ಸುಮಾರು 26.3 ಮಿ.ಮೀ.

ಉತ್ತರ – ಉಡುಪಿ
ನಾಮಫಲಕವನ್ನೂ ಗಮನಿಸಿ. ಹೆಸರು ಐರಿಷ್ ಲಿಪಿಯಲ್ಲಿದ್ದು, ಕೊನೆಯ ಎರಡು ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆಗಳಿವೆ. ಈ ದರ್ಜೆಯ ಮೂರು ಎಂಜಿನ್‌ಗಳಲ್ಲಿ ಉಳಿದಿರುವುದು ಇದೊಂದೇ. ಬೆಲ್‌ಫಾಸ್ಟ್ ಸಮೀಪದ ಕಲ್ಟ್ರಾ ವಸ್ತುಸಂಗ್ರಹಾಲಯದಲ್ಲಿ ಇರುವುದರಿಂದ, ಅಲ್ಲಿಯ ಛಾಯಾಚಿತ್ರಗಳನ್ನು ಎದುರಿಗಿಟ್ಟುಕೊಂಡೇ ಫಲಕವನ್ನು ಕೊರೆಯಿರಿ.